ಹೊಸ ಗಣಕದೊಳಗೆ ಹಳೆಯ ವಿಂಡೋಸ್: ಹಳೆಯ ಕನ್ನಡ, ತಮಿಳು ಕಡತಗಳನ್ನು ತೆರೆಯುವ ಬಗೆ

ಬೋಡಿಮೆಟ್ಟು: ಹಳೆಯ ಗಣಕ ಕೆಟ್ಟಿತು, ಹೊಸದನ್ನು ಕೊಂಡದ್ದೂ ಆಯಿತು. ಹಳೆಯದರಲ್ಲಿದ್ದ ಮದುವೆ ಪತ್ರಿಕೆ, ಗುಡಿಯ ವರಿ ಲೆಕ್ಕ, ಕುಲದವರ ಹೆಸರಿನ ಪಟ್ಟಿ ಎಲ್ಲವನ್ನೂ ಪೆನ್‌ಡ್ರೈವ್‌ನಲ್ಲಿ ತಂದು ಹೊಸದರಲ್ಲಿ ತೆರೆದು ನೋಡಿದರೆ ಕನ್ನಡವೂ ಇಲ್ಲ, ತಮಿಳೂ ಇಲ್ಲ. ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆಯ ಮೇಲೆ ಗೆರೆ, ಚುಕ್ಕೆ, ಟೋಪಿ. ಇಂಥ ಕಡತವನ್ನು "ಕೆಟ್ಟುಹೋಗಿದೆ" ಎಂದು ಅಳಿಸಿದವರು ನಮ್ಮಲ್ಲಿ ಕಡಿಮೆಯಿಲ್ಲ. ದಯವಿಟ್ಟು ಅಳಿಸಬೇಡಿ. ಅದು ಕೆಟ್ಟಿಲ್ಲ, ಅದನ್ನು ಓದುವ ತಂತ್ರಾಂಶ ಹೊಸ ಗಣಕದಲ್ಲಿ ಇಲ್ಲ, ಅಷ್ಟೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದ ಮೇಲೆ ಬಹಳ ಮಂದಿ ಗಣಕ ಬದಲಿಸುತ್ತಿದ್ದಾರೆ. ಹಳೆಯ ಪೆಟ್ಟಿಗೆ ಗುಜರಿಗೆ ಹೋಗುವ ಮುನ್ನ ಈ ಲೇಖನ ಓದಿದರೆ ಒಳ್ಳೆಯದು.

ಬೋಡಿ ರೈಲಿನ ಉದಾಹರಣೆ

1928ರಲ್ಲಿ ಶುರುವಾದ ನಮ್ಮ ಮದುರೆ-ಬೋಡಿ ರೈಲು ಮೀಟರ್ ಗೇಜಿನಲ್ಲಿ ಓಡುತ್ತಿತ್ತು. 2010ರ ಕೊನೆಗೆ ಅದು ನಿಂತಿತು. ಬ್ರಾಡ್ ಗೇಜ್ ಹಾಕಿ 2022ರ ಮೇ ತಿಂಗಳಲ್ಲಿ ತೇನಿಗೆ, 2023ರ ಜೂನ್‌ನಲ್ಲಿ ಬೋಡಿಗೆ ರೈಲು ಮತ್ತೆ ಬಂತು. ಹಳೆಯ ಬೋಗಿಗಳಲ್ಲಿ ಏನೂ ದೋಷವಿರಲಿಲ್ಲ. ಆದರೆ 1000 ಮಿಲಿಮೀಟರ್ ಅಗಲದ ಹಳಿಗೆ ಮಾಡಿದ ಗಾಲಿ 1676 ಮಿಲಿಮೀಟರಿನ ಹಳಿಯ ಮೇಲೆ ಹೇಗೆ ನಿಂತೀತು? ಹಳೆಯ ತಂತ್ರಾಂಶದ ಕಥೆಯೂ ಇದೇ.

ಹೊಸ ಶೆಡ್ಡಿನೊಳಗೆ ಹತ್ತು ಗಜ ಮೀಟರ್ ಗೇಜ್ ಹಳಿ ಹಾಕಿ ಹಳೆಯ ಬೋಗಿಯನ್ನು ಅದರ ಮೇಲೆ ನಿಲ್ಲಿಸಿದರೆ? ವರ್ಚುವಲೈಸೇಶನ್ ಎಂದರೆ ಅದೇ. ಹೊಸ ಗಣಕದಲ್ಲಿ ಒಂದು ತಂತ್ರಾಂಶವು ತನ್ನೊಳಗೆ ಇನ್ನೊಂದು ಗಣಕವಿದೆ ಎಂಬ ನೋಟ ಒಡ್ಡುತ್ತದೆ. ಅದಕ್ಕೆ ತನ್ನದೇ ಹಾರ್ಡ್ ಡಿಸ್ಕು, ನೆನಪು, ಪರದೆ ಇರುತ್ತವೆ. ಒಳಗೆ ಕೂತ ಹಳೆಯ ವಿಂಡೋಸ್‌ಗೆ ತಾನು ಬಾಡಿಗೆ ಮನೆಯಲ್ಲಿರುವುದು ತಿಳಿಯುವುದೇ ಇಲ್ಲ. ತಮಿಳಿನಲ್ಲಿ ಇದನ್ನು ಮೆಯ್‌ನಿಗರ್ ಕಣಿನಿ ಎನ್ನುತ್ತಾರೆ, ನಿಜದಂತೆಯೇ ಇರುವ ಗಣಕ ಎಂದು. ಕನ್ನಡದಲ್ಲಿ ಅಷ್ಟು ಸೊಗಸಾದ ಮಾತು ಬಳಕೆಗೆ ಬಂದಿಲ್ಲ. ಇಲ್ಲಿ "ಒಳಗಣಕ" ಎಂದು ಬರೆಯುತ್ತೇನೆ, ಓದುಗರು ಒಪ್ಪಿಕೊಳ್ಳಬೇಕು.

ಇದು ಹೊಸ ವಿದ್ಯೆಯೇನೂ ಅಲ್ಲ. ಐಬಿಎಂ ಕಂಪನಿ 1960ರ ದಶಕದಲ್ಲೇ ತನ್ನ ದೊಡ್ಡ ಗಣಕಗಳಲ್ಲಿ ಇದನ್ನು ಮಾಡಿತ್ತು. ಮನೆಯ ಗಣಕಕ್ಕೆ 1999ರಲ್ಲಿ ವಿಎಂವೇರ್ ತಂದಿತು. ಇಂಟೆಲ್ 2005ರಲ್ಲಿ, ಎಎಂಡಿ 2006ರಲ್ಲಿ ಇದಕ್ಕೆಂದೇ ಪ್ರೊಸೆಸರಿನೊಳಗೆ ಸೌಲಭ್ಯ ಕೊಟ್ಟ ಮೇಲೆ ವೇಗವೂ ಸಿಕ್ಕಿತು.

ಅಕ್ಷರ ಏಕೆ ಕಾಣುವುದಿಲ್ಲ?

ಕಂಬಂ, ಗೂಡಲೂರು, ಬೋಡಿ, ತೇನಿ ಸುತ್ತ ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಮೆಟ್ಟು ಹತ್ತಿ ಹದಿನೇಳು ಕೊಂಡಿ ತಿರುವು ದಾಟಿದರೆ ಮಲಯಾಳವೂ ಸೇರುತ್ತದೆ. ನಮ್ಮ ಒಕ್ಕಲಿಗ ಕಾಪ್ಪಿಲಿಯರ್, ಅನುಪ್ಪರ್ ಮನೆಗಳ ಪತ್ರಿಕೆಗಳಲ್ಲಿ ಒಂದೇ ಹಾಳೆಯ ಮೇಲೆ ಎರಡು ಲಿಪಿ ಇರಬಹುದು. ಬೆಂಗಳೂರು, ಮೈಸೂರಿನ ನೆಂಟರಿಗೆ ಕನ್ನಡ, ಊರಿನವರಿಗೆ ತಮಿಳು. 2000ದ ದಶಕದಲ್ಲಿ ಇವನ್ನು ಡಿಟಿಪಿ ಅಂಗಡಿಯಲ್ಲಿ ಪೇಜ್‌ಮೇಕರ್‌ನಲ್ಲಿ ಜೋಡಿಸುವುದೇ ವಾಡಿಕೆ. ಕನ್ನಡಕ್ಕೆ ಕನ್ನಡ ಗಣಕ ಪರಿಷತ್ತಿನ ನುಡಿ, ಇಲ್ಲವೇ ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ಹೊರತಂದ ಬರಹ, ಇಲ್ಲವೇ ಶ್ರೀಲಿಪಿ. ತಮಿಳಿಗೆ ವಾನವಿಲ್, ಬಾಮಿನಿ, ಟ್ಯಾಮ್, ಟ್ಯಾಬ್.

ಇವೆಲ್ಲ ಮಾಡಿದ್ದು ಒಂದು ಜಾಣತನ. ಗಣಕಕ್ಕೆ ಇಂಗ್ಲಿಷ್ ಅಕ್ಷರವೆಂದೇ ಹೇಳಿ, ಫಾಂಟಿನಲ್ಲಿ ಮಾತ್ರ ಆ ಜಾಗದಲ್ಲಿ ಕನ್ನಡದ ತುಂಡು ಇಟ್ಟರು. ನುಡಿಯಲ್ಲಿ "ಕ" ಎಂದು ಕಾಣುವುದು ಕಡತದೊಳಗೆ ಎರಡು ತುಂಡು: ದೊಡ್ಡ ಪಿ, ಅದರ ಪಕ್ಕ ನೆತ್ತಿಯ ಮೇಲೆ ಓರೆಗೆರೆ ಇರುವ ದೊಡ್ಡ ಎ. ಫಾಂಟ್ ಇದ್ದರೆ ಕ, ಇಲ್ಲದಿದ್ದರೆ ಪಿ ಮತ್ತು ಎ.

ಯೂನಿಕೋಡ್ ಹಾಗಲ್ಲ. ಅಲ್ಲಿ ಕನ್ನಡದ ಕ ಎಂದರೆ 3221, ಜಗತ್ತಿನ ಯಾವ ಗಣಕದಲ್ಲೂ ಅದೇ. ತಮಿಳಿನ ಕ ಎಂದರೆ 2965. ವ್ಯತ್ಯಾಸ ಸರಿಯಾಗಿ 256. ಮ ಅಕ್ಷರಕ್ಕೂ ಅಷ್ಟೇ, 3246 ಮತ್ತು 2990. ಎರಡೂ ಲಿಪಿಗಳನ್ನು ಒಂದೇ ವರಸೆಯಲ್ಲಿ ಕೂರಿಸಿದ್ದರಿಂದ ಹೀಗೆ. ಅಕ್ಕತಂಗಿಯರು ಒಂದೇ ಅಳತೆಯ ಮನೆ ಕಟ್ಟಿಕೊಂಡ ಹಾಗೆ. ವಿಂಡೋಸ್ 2000ದಲ್ಲಿ ತಮಿಳಿಗೆ ಲತಾ ಫಾಂಟ್ ಬಂತು, ಕನ್ನಡಕ್ಕೆ ತುಂಗಾ ಬಂದದ್ದು 2001ರ ಎಕ್ಸ್‌ಪಿಯಲ್ಲಿ. ತಮಿಳುನಾಡು ಸರ್ಕಾರ 2010ರ ಜೂನ್‌ನಲ್ಲಿ, ಕೊಯಮತ್ತೂರಿನ ಸೆಮ್ಮೊಳಿ ಸಮ್ಮೇಳನದ ಹೊತ್ತಿಗೆ, ಯೂನಿಕೋಡನ್ನು ಅಧಿಕೃತ ಮಾಡಿತು. ಅದಕ್ಕೂ ಮೊದಲು ಅಚ್ಚಾದದ್ದೆಲ್ಲ ಬಹುಪಾಲು ಹಳೆಯ ತುಂಡು ಅಕ್ಷರಗಳಲ್ಲೇ ಇದೆ.

ಮೊದಲು ಸುಲಭದ ದಾರಿ ನೋಡಿ

ಎಲ್ಲದಕ್ಕೂ ಒಳಗಣಕ ಬೇಕಿಲ್ಲ. ನಿಮ್ಮ ಕಡತ ವರ್ಡ್‌ನದಾಗಿದ್ದರೆ ಹಳೆಯ ಗಣಕದ ವಿಂಡೋಸ್ ಫೋಲ್ಡರಿನ ಒಳಗಿರುವ ಫಾಂಟ್ಸ್ ಫೋಲ್ಡರನ್ನು ಇಡಿಯಾಗಿ ನಕಲು ಮಾಡಿ ತನ್ನಿ. ಬೇಕಾದ ಫಾಂಟನ್ನು ವಿಂಡೋಸ್ 11ರಲ್ಲಿ ಸ್ಥಾಪಿಸಿದರೆ ಸಾಮಾನ್ಯವಾಗಿ ಅಕ್ಷರ ಕಾಣುತ್ತದೆ. ಅಳಿಸಿದ ಗಣಕದ ಫಾಂಟ್ ಮತ್ತೆ ಸಿಗುವುದು ಕಷ್ಟ, ಅದರಲ್ಲೂ ಅಂಗಡಿಯವರು ಕೊಂಡ ಅಲಂಕಾರದ ಫಾಂಟುಗಳು. ಹಾಗಾಗಿ ಇದನ್ನು ಎಲ್ಲಕ್ಕಿಂತ ಮೊದಲು ಮಾಡಿ.

ಪೇಜ್‌ಮೇಕರ್ ಕಡತವಾದರೆ ತೊಡಕು. ಅಡೋಬಿಯ ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಅದೇ ಕೊನೆಯದು. ಇನ್‌ಡಿಸೈನ್ ಕೂಡ ಸಿಎಸ್6ರವರೆಗೆ ಮಾತ್ರ ಈ ಕಡತ ತೆರೆಯುತ್ತಿತ್ತು, ಈಗಿನದು ತೆರೆಯುವುದಿಲ್ಲ. ಉಚಿತ ಲಿಬ್ರೆಆಫೀಸ್‌ನಲ್ಲಿ 2015ರಿಂದ ಒಂದು ಸೌಲಭ್ಯವಿದೆ, ಆದರೆ ಪುಟ ಅರೆಬರೆ ಬರಬಹುದು. ಜೊತೆಗೆ ಬೀಗದ ಡಾಂಗಲ್ ಚುಚ್ಚಿದರೆ ಮಾತ್ರ ತೆರೆಯುವ ತಂತ್ರಾಂಶಗಳು, ಏಲಕ್ಕಿ ಮಂಡಿಯ ಹಳೆಯ ಲೆಕ್ಕದ ಕಾರ್ಯಕ್ರಮಗಳು. ಇಂಥವಕ್ಕೆ ಒಳಗಣಕವೇ ಸರಿ. 64 ಬಿಟ್ ವಿಂಡೋಸ್ 16 ಬಿಟ್ ಕಾಲದ ಕಾರ್ಯಕ್ರಮಗಳನ್ನು ನಡೆಸುವುದೇ ಇಲ್ಲ, ವಿಂಡೋಸ್ 11 ಬಂದಿರುವುದೇ 64 ಬಿಟ್‌ನಲ್ಲಿ ಮಾತ್ರ. "ಹೊಂದಾಣಿಕೆ ಮೋಡ್" ಎಂದು ಎಷ್ಟು ಕ್ಲಿಕ್ಕಿಸಿದರೂ ಅದು ಆಗದ ಕೆಲಸ.

ಒಳಗಣಕ ಕಟ್ಟುವುದು

ನಾನು ಬಳಸುವುದು ವರ್ಚುವಲ್‌ಬಾಕ್ಸ್. ಜರ್ಮನಿಯ ಇನ್ನೊಟೆಕ್ ಕಂಪನಿ 2007ರಲ್ಲಿ ಮುಕ್ತ ತಂತ್ರಾಂಶವಾಗಿ ಬಿಟ್ಟದ್ದು, ಸನ್ ಕೈಸೇರಿ ಈಗ ಒರೇಕಲ್ ಬಳಿ ಇದೆ. ಉಚಿತ. ಲಿನಕ್ಸ್‌ನಲ್ಲೂ ನಡೆಯುತ್ತದೆ, ಆದ್ದರಿಂದ ಗಡಿಯಾಚೆ ಇಡುಕ್ಕಿಯ ಶಾಲೆಗಳಲ್ಲಿ ಲಿನಕ್ಸ್ ಕಲಿತ ಮಕ್ಕಳಿದ್ದರೆ ಅವರ ಗಣಕವೂ ಆಗುತ್ತದೆ. ವಿಎಂವೇರ್ ವರ್ಕ್‌ಸ್ಟೇಶನ್ ಕೂಡ 2024ರಿಂದ ಉಚಿತವಾಗಿದೆ.

ಮೊದಲು ಗಣಕ ಶುರುವಾಗುವಾಗ ಬಯಾಸ್ ಒಳಗೆ ಹೋಗಿ ವರ್ಚುವಲೈಸೇಶನ್ ಚಾಲೂ ಇದೆಯೇ ನೋಡಿ. ಇಂಟೆಲ್‌ನಲ್ಲಿ ಅದು ವಿಟಿ-ಎಕ್ಸ್ ಅಥವಾ ವರ್ಚುವಲೈಸೇಶನ್ ಟೆಕ್ನಾಲಜಿ, ಎಎಂಡಿಯಲ್ಲಿ ಎಸ್‌ವಿಎಂ. ವರ್ಚುವಲ್‌ಬಾಕ್ಸ್ 6.1ರಿಂದ ಈಚೆಗೆ ಇದಿಲ್ಲದೆ ಕೆಲಸವೇ ನಡೆಯದು. 2011ರಿಂದ ತಮಿಳುನಾಡು ಸರ್ಕಾರ ವಿದ್ಯಾರ್ಥಿಗಳಿಗೆ ಕೊಟ್ಟ ಉಚಿತ ಲ್ಯಾಪ್‌ಟಾಪ್ ಮನೆಯಲ್ಲಿದ್ದರೆ ಅದರಲ್ಲಿ ಪ್ರಯತ್ನಿಸುವ ಮುನ್ನ ಪ್ರೊಸೆಸರಿನ ಹೆಸರು ನೋಡಿಕೊಳ್ಳಿ.

ಆಮೇಲೆ ಹೊಸ ಯಂತ್ರ ಎಂಬಲ್ಲಿ ಕ್ಲಿಕ್ಕಿಸಿ ವಿಂಡೋಸ್ ಎಕ್ಸ್‌ಪಿ 32 ಬಿಟ್ ಆರಿಸಿ. ನೆನಪು 512 ಎಂಬಿ ಸಾಕು, ಪೇಜ್‌ಮೇಕರ್‌ಗೆ 1 ಜಿಬಿ ಕೊಟ್ಟರೆ ಧಾರಾಳ. 4 ಜಿಬಿ ಕೊಟ್ಟರೆ ಇನ್ನೂ ವೇಗ ಎಂದು ತಿಳಿಯಬೇಡಿ, ಎಕ್ಸ್‌ಪಿಗೆ ಅದನ್ನು ತಿನ್ನುವ ಹೊಟ್ಟೆಯಿಲ್ಲ. ಪ್ರೊಸೆಸರ್ ಒಂದೇ. ಡಿಸ್ಕು 10ರಿಂದ 20 ಜಿಬಿ. ಡಿಸ್ಕನ್ನು ಐಡಿಇ ನಿಯಂತ್ರಕಕ್ಕೇ ಜೋಡಿಸಿ. ಎಕ್ಸ್‌ಪಿ ಸಿಡಿಯಲ್ಲಿ ಸಾಟಾ ಚಾಲಕ ಇಲ್ಲ, ಸಾಟಾಗೆ ಜೋಡಿಸಿದರೆ ನೀಲಿ ಪರದೆ ಬಂದು ನಿಲ್ಲುತ್ತದೆ. ಯುಎಸ್‌ಬಿಯೂ 1.1 ಇಲ್ಲವೇ 2.0 ಇರಲಿ, 3.0 ಎಕ್ಸ್‌ಪಿಗೆ ತಿಳಿಯದು. ಡಾಂಗಲ್ ಯುಎಸ್‌ಬಿಯದಾದರೆ ಒಳಗಣಕಕ್ಕೆ ದಾಟಿಸಬಹುದು. ಮುದ್ರಕದ ಅಗಲ ಪೋರ್ಟಿಗೆ ಚುಚ್ಚುವ ಹಳೆಯ ಡಾಂಗಲ್ ಆದರೆ ಆಸೆ ಬಿಡಿ, ಹಳೆಯ ಗಣಕವನ್ನೇ ಉಳಿಸಿಕೊಳ್ಳಿ.

ಹೊಸ ಲ್ಯಾಪ್‌ಟಾಪಿನಲ್ಲಿ ಸಿಡಿ ಹಾಕುವ ಜಾಗವೇ ಇಲ್ಲವಲ್ಲ? ಹಳೆಯ ಗಣಕ ಇನ್ನೂ ಉಸಿರಾಡುತ್ತಿದ್ದರೆ ಅದರಲ್ಲೇ ಇಮ್ಗ್‌ಬರ್ನ್‌ನಂಥ ತಂತ್ರಾಂಶದಿಂದ ಸಿಡಿಯನ್ನು ಐಎಸ್‌ಒ ಕಡತವಾಗಿ ಮಾಡಿ ತನ್ನಿ. ಮೆಟ್ಟಿನ ಮಂಜಿಗೆ ಸಿಡಿಗಳಿಗೆ ಬೂಷ್ಟು ಹಿಡಿಯುತ್ತದೆ. ಇನ್ನೊಂದು ಮಳೆಗಾಲ ಕಾಯಬೇಡಿ.

ಪರವಾನಗಿಯ ಮಾತು. ಎಕ್ಸ್‌ಪಿ ಉಚಿತವಾಗಿಲ್ಲ. ಬೆಂಬಲ 2014ರ ಏಪ್ರಿಲ್ 8ಕ್ಕೆ ಮುಗಿದರೂ ಹಕ್ಕು ಮೈಕ್ರೋಸಾಫ್ಟಿನದೇ. ನಿಮ್ಮ ಸಿಡಿ, ನಿಮ್ಮ ಕೀಲಿ ಸಂಖ್ಯೆ ಇದ್ದರೆ ಬಳಸಿ. ಗಣಕದ ಜೊತೆಗೇ ಬಂದ ಓಇಎಂ ಪ್ರತಿ ಆ ಗಣಕಕ್ಕೆ ಮಾತ್ರ ಸೇರಿದ್ದು. ಸ್ಥಾಪಿಸಿ 30 ದಿನದೊಳಗೆ ಸಕ್ರಿಯಗೊಳಿಸಬೇಕು. ಅಂತರ್ಜಾಲದಲ್ಲಿ "ಎಲ್ಲ ಸಿದ್ಧ, ಕೀಲಿ ಬೇಡ" ಎಂದು ಸಿಗುವ ಎಕ್ಸ್‌ಪಿಗಳನ್ನು ಮಾತ್ರ ತರಬೇಡಿ. ಒಳಗೆ ಏನು ಸೇರಿಸಿದ್ದಾರೋ ಬಲ್ಲವರಾರು?

ಎಕ್ಸ್‌ಪಿ ಎದ್ದ ಮೇಲೆ ಮೂರು ಕೆಲಸ ಬೇಗ ಮುಗಿಸಿ. ಗೆಸ್ಟ್ ಅಡಿಶನ್ಸ್ ಹಾಕಿದರೆ ಪರದೆ ದೊಡ್ಡದಾಗುತ್ತದೆ, ಹೊರಗೂ ಒಳಗೂ ಕಾಣುವ ಹಂಚಿದ ಫೋಲ್ಡರ್ ಸಿಗುತ್ತದೆ. ಪ್ರಾದೇಶಿಕ ಆಯ್ಕೆಗಳಲ್ಲಿ ಸಂಕೀರ್ಣ ಲಿಪಿಗಳ ಬೆಂಬಲಕ್ಕೆ ಗುರುತು ಹಾಕಿ, ಇದಕ್ಕೆ ಎಕ್ಸ್‌ಪಿ ಸಿಡಿ ಮತ್ತೆ ಕೇಳುತ್ತದೆ. ಹಾಕದಿದ್ದರೆ ಪರಿವರ್ತಿಸಿದ ಯೂನಿಕೋಡ್ ಕನ್ನಡ ಒಳಗೆ ಚೌಕಚೌಕವಾಗಿ ಕಾಣುತ್ತದೆ, ನೀವು ಪರಿವರ್ತನೆಯೇ ತಪ್ಪಿತೆಂದು ಗಾಬರಿಯಾಗುತ್ತೀರಿ. ಕೊನೆಗೆ ಒಂದು ಸ್ನ್ಯಾಪ್‌ಶಾಟ್ ತೆಗೆಯಿರಿ. ಏನು ಕೆಟ್ಟರೂ ಆ ಗಳಿಗೆಗೆ ಮರಳಬಹುದು. ನಾನು ಮೊದಲ ಸಲ ಇದನ್ನು ಬಿಟ್ಟೆ, ಪೆನ್‌ಡ್ರೈವಿನ ವೈರಸ್ಸಿಗೆ ಎರಡು ದಿನದ ಕೆಲಸ ಹೋಯಿತು. ಅಂದಿನಿಂದ ಪೆನ್‌ಡ್ರೈವ್ ಏನಿದ್ದರೂ ಹೊರಗಿನ ಹೊಸ ವಿಂಡೋಸ್ ಪರೀಕ್ಷಿಸಿದ ಮೇಲೆಯೇ ಒಳಕ್ಕೆ.

ಒಳಗಣಕ ಬಹಳ ನಿಧಾನ ಎನಿಸಿದರೆ ಕಿಟಕಿಯ ಕೆಳಮೂಲೆಯಲ್ಲಿ ಹಸಿರು ಆಮೆಯ ಚಿತ್ರವಿದೆಯೇ ನೋಡಿ. ತಮಾಷೆಯಲ್ಲ, ನಿಜಕ್ಕೂ ಆಮೆಯೇ. ವಿಂಡೋಸ್‌ನ ಹೈಪರ್-ವಿ ಪ್ರೊಸೆಸರಿನ ಸೌಲಭ್ಯವನ್ನು ಮೊದಲೇ ಹಿಡಿದುಕೊಂಡಿದೆ ಎಂದು ಅದರ ಅರ್ಥ. ಪತ್ರಿಕೆ ತೆರೆಯುವ ಕೆಲಸಕ್ಕೆ ಆಮೆಯ ವೇಗವೇ ಸಾಕು, ಭದ್ರತೆಯ ಆಯ್ಕೆಗಳನ್ನು ಕಿತ್ತುಹಾಕಲು ಹೋಗಬೇಡಿ. ಮೌಸ್ ಒಳಗೆ ಸಿಕ್ಕಿಕೊಂಡರೆ ಬಲಗಡೆಯ ಕಂಟ್ರೋಲ್ ಕೀಲಿ ಒತ್ತಿ.

ವಿಂಡೋಸ್ 98 ಬೇಕೆನ್ನುವವರಿಗೆ ಒಂದು ಮಾತು. ಅದಕ್ಕೆ ಗೆಸ್ಟ್ ಅಡಿಶನ್ಸ್ ಇಲ್ಲ, ಹೊಸ ಪ್ರೊಸೆಸರುಗಳ ಮೇಲೆ ಮುಗ್ಗರಿಸುತ್ತದೆ. ಹಳೆಯ ಪೆಂಟಿಯಂ ಗಣಕವನ್ನೇ ಅನುಕರಿಸುವ 86ಬಾಕ್ಸ್ ವಾಸಿ. ಡಾಸ್ ಕಾಲದ್ದಕ್ಕೆ ಡಾಸ್‌ಬಾಕ್ಸ್.

ಅಂತರ್ಜಾಲದ ತಂತಿ ಕಿತ್ತುಬಿಡಿ

ಒಳಗಣಕದ ನೆಟ್‌ವರ್ಕ್ ಆಯ್ಕೆಯಲ್ಲಿ "ಜೋಡಿಸಿಲ್ಲ" ಎಂದು ಇಡಿ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಕಡತ ಬೀಗ ಹಾಕುವ ದಾಳಿ ಜಗತ್ತಿನಾದ್ಯಂತ ಹಬ್ಬಿದಾಗ ಮೈಕ್ರೋಸಾಫ್ಟ್ ಬೆಂಬಲ ಮುಗಿದು ಮೂರು ವರ್ಷವಾಗಿದ್ದ ಎಕ್ಸ್‌ಪಿಗೂ ತೇಪೆ ಬಿಡಬೇಕಾಯಿತು. ಅಂಥ ಕೃಪೆ ಪ್ರತಿ ಸಲ ಸಿಗುವುದಿಲ್ಲ. ಎಕ್ಸ್‌ಪಿಯಲ್ಲಿ ಬ್ಯಾಂಕಿನ ತಾಣ ತೆರೆಯುವುದು, ಏಲಕ್ಕಿ ಹರಾಜಿನ ಹಣ ನೋಡುವುದು ಯಾವುದೂ ಬೇಡ. ಹಂಚಿದ ಫೋಲ್ಡರಿಗೂ ಒಂದು ಸಣ್ಣ ಖಾಲಿ ಫೋಲ್ಡರನ್ನೇ ಕೊಡಿ. ಇಡೀ ಡಿ ಡ್ರೈವ್ ಹಂಚಿದರೆ ಒಳಗಿನ ರೋಗ ಹೊರಗಿನ ಕಡತಗಳಿಗೂ ಕೈಹಾಕುತ್ತದೆ.

ಎರಡು ಲಿಪಿಯ ಹಾಳೆ

ಒಳಗಣಕದಲ್ಲಿ ಪತ್ರಿಕೆ ಕಂಡಿತೆಂದು ಅಲ್ಲಿಗೇ ನಿಲ್ಲಿಸಬೇಡಿ. ಈ ಒಳಮನೆಯೂ ಎಷ್ಟು ವರ್ಷ ನಿಂತೀತೋ ಹೇಳಲಾಗದು. 2009ರಲ್ಲಿ ವಿಂಡೋಸ್ 7ರ ದೊಡ್ಡ ಆವೃತ್ತಿಗಳಿಗೆ ಮೈಕ್ರೋಸಾಫ್ಟೇ "ಎಕ್ಸ್‌ಪಿ ಮೋಡ್" ಕೊಟ್ಟಿತ್ತು. ವಿಂಡೋಸ್ 8ರಲ್ಲಿ ತೆಗೆದೂಬಿಟ್ಟಿತು. ಆದ್ದರಿಂದ ಒಳಗಿರುವಾಗಲೇ ಎರಡು ಪ್ರತಿ ಹೊರತನ್ನಿ. ಒಂದು, ಕಣ್ಣಿಗೆ ಕಂಡ ಹಾಗೇ ಇರುವ ಪಿಡಿಎಫ್. ಪೇಜ್‌ಮೇಕರ್ 7ರ ಜೊತೆ ಬಂದ ಡಿಸ್ಟಿಲರ್ ಇದಕ್ಕೆ ಆಗುತ್ತದೆ. ಫಾಂಟನ್ನು ಪಿಡಿಎಫ್ ಒಳಗೇ ಸೇರಿಸುವ ಆಯ್ಕೆ ಮರೆಯಬೇಡಿ. ಆದರೆ ಆ ಪಿಡಿಎಫ್‌ನಲ್ಲಿ ಹೆಸರು ಹುಡುಕಿದರೆ ಸಿಗುವುದಿಲ್ಲ, ಒಳಗಿರುವುದು ಇನ್ನೂ ಆ ಪಿ, ಎ ಟೋಪಿಗಳೇ. ಹಾಗಾಗಿ ಎರಡನೆಯದು, ಯೂನಿಕೋಡಿಗೆ ಬದಲಿಸಿದ ಪಠ್ಯ.

ಕನ್ನಡಕ್ಕೆ ಬರಹದ ಜೊತೆ ಬರುತ್ತಿದ್ದ ಫಾಂಟ್‌ಕನ್ವರ್ಟ್ ಇದೆ. ನುಡಿಯ ಪಠ್ಯಕ್ಕೆ ಸಂಚಯದ ಅರವಿಂದ ವಿ.ಕೆ. ಅವರು ಮಾಡಿದ ಪರಿವರ್ತಕವಿದೆ. ತಮಿಳಿಗೆ ನ್ಯೂ ಹೊರೈಜನ್ ಮೀಡಿಯಾದ ಎನ್‌ಎಚ್‌ಎಂ ಕನ್ವರ್ಟರ್ ಇದೆ. ತೊಂದರೆ ಇರುವುದು ನಮ್ಮಂಥ ಇಬ್ಬಗೆಯವರಿಗೆ. ನುಡಿ ಪರಿವರ್ತಕಕ್ಕೆ ಹಾಳೆಯಲ್ಲಿರುವುದೆಲ್ಲ ನುಡಿಯೇ. ಬಾಮಿನಿಯ ತಮಿಳು ಸಾಲನ್ನೂ, ಇಂಗ್ಲಿಷಿನ ಇನಿಶಿಯಲ್ಲುಗಳನ್ನೂ ಅದು ಕನ್ನಡವೆಂದೇ ತಿಳಿದು ಏನೋ ಗೀಚುತ್ತದೆ. ತಾತನ ಹೆಸರಿನ ಮುಂದಿನ ಎರಡಕ್ಷರ ಹೋದರೆ ಯಾವ ಮನೆಯ ತಾತ ಎಂಬುದೇ ಹೋಯಿತು. ಬರಿಯ ಪಠ್ಯವಾಗಿ ಉಳಿಸಿದರಂತೂ ಯಾವ ಸಾಲು ಯಾವ ಫಾಂಟಿನದು ಎಂಬ ಒಂದೇ ಗುರುತೂ ಅಳಿಸುತ್ತದೆ.

ದಾರಿ ಇದು. ಪೇಜ್‌ಮೇಕರ್‌ನಿಂದ ಪಠ್ಯವನ್ನು ಆರ್‌ಟಿಎಫ್ ಆಗಿ ಹೊರತನ್ನಿ, ಫಾಂಟಿನ ಹೆಸರು ಉಳಿಯುತ್ತದೆ. ಒಳಗಣಕದಲ್ಲಿರುವ ವರ್ಡ್ 2002 ಅಥವಾ 2003ರಲ್ಲಿ ಅದನ್ನು ತೆರೆದು, ಹುಡುಕು ಪೆಟ್ಟಿಗೆಯಲ್ಲಿ ಪದದ ಬದಲು ಫಾಂಟನ್ನು ಕೊಡಿ, ಸಿಕ್ಕಿದ್ದನ್ನೆಲ್ಲ ಒಟ್ಟಿಗೆ ಗುರುತಿಸುವ ಆಯ್ಕೆ ಹಾಕಿ. ಮೊದಲು ಕನ್ನಡ ಫಾಂಟಿನ ಭಾಗಕ್ಕೆ ಒಂದು ಬಣ್ಣ, ತಮಿಳಿನದಕ್ಕೆ ಇನ್ನೊಂದು. ಆಮೇಲೆ ಒಂದೊಂದನ್ನೇ ಬೇರೆ ಕಡತಕ್ಕೆ ನಕಲಿಸಿ, ಅದರದರ ಪರಿವರ್ತಕಕ್ಕೆ ಕೊಡಿ. ಇಂಗ್ಲಿಷ್ ಹಾಗೇ ಇರಲಿ. ಟ್ಯಾಬ್‌ನ ತಮಿಳಾದರೆ ಸ್ವಲ್ಪ ನೆಮ್ಮದಿ, 1999ರಲ್ಲಿ ಅದನ್ನು ರೂಪಿಸುವಾಗಲೇ ಇಂಗ್ಲಿಷಿನ ಜಾಗ ಖಾಲಿ ಬಿಟ್ಟಿದ್ದರು. ಟ್ಯಾಮ್, ಬಾಮಿನಿ ಹಾಗಲ್ಲ. ಟೈಪು ಮಾಡುವಾಗ ಹೊರಗಿನ ಕೀಲಿಮಣೆಯನ್ನು ಇಂಗ್ಲಿಷಿಗೆ ಇಟ್ಟುಕೊಳ್ಳಿ, ಎರಡು ಕಡೆಯೂ ಕನ್ನಡ ಚಾಲೂ ಇದ್ದರೆ ಅಕ್ಷರ ಕಲಸುಮೇಲೋಗರ.

ಬದಲಿಸಿದ ಮೇಲೆ ಮನೆಯ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಿಡಿಎಫ್ ಜೊತೆ ಹೋಲಿಸಿ ಓದಿ. ಅರ್ಕಾವತ್ತು ಜಾಗ ತಪ್ಪುವುದು, ಒತ್ತಕ್ಷರ ಬಿದ್ದುಹೋಗುವುದು ಸಾಮಾನ್ಯ. ನಮ್ಮ ಕುಲದ ಹೆಸರುಗಳು, ಮನೆದೇವರ ಹೆಸರುಗಳು ಯಾವ ನಿಘಂಟಿನಲ್ಲೂ ಇಲ್ಲ. ಅಲ್ಲಿ ತಪ್ಪು ಹಿಡಿಯುವ ತಂತ್ರಾಂಶವೂ ಇಲ್ಲ. ಕನ್ನಡ ಮಾತಾಡಿ ತಮಿಳು ಮಾತ್ರ ಓದಬಲ್ಲ ಹಿರಿಯರಿದ್ದರೆ ನೀವು ಗಟ್ಟಿಯಾಗಿ ಓದಿ, ಅವರು ಕೇಳಲಿ.

ಎಲ್ಲ ಮುಗಿದ ಮೇಲೆ ಒಳಗಣಕವನ್ನು ಆರಿಸಿ, ಅದರ ಡಿಸ್ಕಿನ ವಿಡಿಐ ಕಡತ, ಸ್ನ್ಯಾಪ್‌ಶಾಟ್, ಸೆಟ್ಟಿಂಗ್ ಕಡತ ಎಲ್ಲವೂ ಇರುವ ಆ ಯಂತ್ರದ ಇಡೀ ಫೋಲ್ಡರನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿಡಿ. ಜೊತೆಗೆ ಫಾಂಟುಗಳ ಫೋಲ್ಡರ್, ತಂತ್ರಾಂಶಗಳ ಐಎಸ್‌ಒ, ಕೀಲಿ ಸಂಖ್ಯೆ ಬರೆದ ಚೀಟಿ. ಹಳೆಯ ಗಣಕವನ್ನು ಗುಜರಿಗೆ ಕೊಡುವುದಾದರೆ ಹಾರ್ಡ್ ಡಿಸ್ಕನ್ನು ಮಾತ್ರ ಬಿಚ್ಚಿ ಇಟ್ಟುಕೊಳ್ಳಿ. ಗುಜರಿಯವನು ಅದಕ್ಕೆ ಕೊಡುವ ಹಣ ಬೋಡಿ ಬಸ್ ನಿಲ್ದಾಣದಲ್ಲಿ ಎರಡು ಟೀಗೆ ಸಾಲದು.